ರೈಲ್ ಇನ್ನ ಬಂದಿಲ್ರಿ

ಸುರಪುರದಲ್ಲಿ ಹುಟ್ಟಿದವನಿಗೆ ರೈಲು ಅಂದಕೂಡಲೇ ಕಣ್ಣಮುಂದೆ ಬರುವುದು ಬಸ್ಸು. ಬೆಂಗಳೂರಿಗೆ ಹೋಗಲಿ, ಮುಂಬೈಗೆ ಹೋಗಲಿ, ಮೊದಲು ಬ್ಯಾಗು ಹೊತ್ತು ಬಸ್‌ಸ್ಟ್ಯಾಂಡಿಗೆ ನಡೆಯಬೇಕು. ಶಹಾಪುರ ದಾಟಬೇಕು, ಭೀಮಾ ಹೊಳೆ ದಾಟಬೇಕು, ಸುಮಾರು 60 ಕಿಲೋಮೀಟರ್ ಕಳೆದ ಮೇಲೆ ಯಾದಗಿರಿ ಸ್ಟೇಷನ್ನು. ಉದ್ಯಾನ್ ಎಕ್ಸ್‌ಪ್ರೆಸ್ ತಡವಾಗಿ ಬರಲಿ ಅಂತ ದೇವರಿಗೆ ಕಾಯಿ ಒಡೆಸುವ ಜನ ಎಲ್ಲಾದರೂ ಇದ್ದರೆ ಅದು ನಮ್ಮ ಕಡೆಯವರೇ. 1871ರಲ್ಲಿ ಮುಂಬೈ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ ಎರಡೂ ರಾಯಚೂರಿನಲ್ಲಿ ಕೂಡಿದವು. ಯಾದಗಿರಿ ಆ ಹಾದಿಯಲ್ಲಿತ್ತು. ನಾವು ಹೊಳೆಯ ಈಚೆ ದಂಡೆಯಲ್ಲಿದ್ದೆವು. ಕೃಷ್ಣೆಯೂ ಭೀಮೆಯೂ ಎರಡು ಬದಿಯಿಂದ ನೀರು ಕೊಟ್ಟವು, ರೈಲು ಮಾತ್ರ ಕೊಡಲಿಲ್ಲ. ಅಂದಿನಿಂದ ಇಂದಿನವರೆಗೆ ನಮ್ಮ ಜನ ದೂರಪ್ರಯಾಣದ ತರಬೇತಿ ತೆಗೆದುಕೊಳ್ಳುತ್ತಲೇ ಇದ್ದಾರೆ. ಯಾರೂ ಅವರಿಗೆ ಪದಕ ಕೊಟ್ಟಿಲ್ಲ.

ಈಗ ನಮ್ಮ ಮಾಮಾನಿಗೆ ಪದಕ ಬೇಕಾಗಿದೆ.

ಮಾಮಾ ಅಂದರೆ ಅಕ್ಕನ ಗಂಡ. ಯಾದಗಿರಿಯಲ್ಲಿ ಒಂದು ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂಡುವ ಕೆಲಸ. ಅಕ್ಕ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಇಬ್ಬರಿಗೂ ನಲವತ್ತು ದಾಟಿದೆ, ಇಬ್ಬರಿಗೂ ಸಕ್ಕರೆ ಇಲ್ಲ, ಆದರೆ ಡಾಕ್ಟರು ‘ಬರಬಹುದು’ ಅಂದಿದ್ದಾರೆ. ಆ ‘ಬರಬಹುದು’ ಎಂಬ ಒಂದು ಮಾತಿಗೆ ಮನೆಗೆ ಎರಡು ಗೇರಿನ ಸೈಕಲ್ಲು ಬಂದವು. ಅಲ್ಲಿಗೆ ನಿಲ್ಲಬಹುದಿತ್ತು. ಮಾಮಾ ಯಾವ ಕೆಲಸವನ್ನೂ ಕೆಲಸವಾಗಿ ಮಾಡುವವರಲ್ಲ, ಅದನ್ನೊಂದು ಶಾಸ್ತ್ರ ಮಾಡಬೇಕು. ಸೈಕಲ್ ತುಳಿಯುವುದಕ್ಕಿಂತ ಸೈಕಲ್ಲಿನ ಬಗ್ಗೆ ಓದುವುದು ಹೆಚ್ಚಾಯಿತು. ಒಂದು ರಾತ್ರಿ ಊಟದ ಹೊತ್ತಿಗೆ ಘೋಷಣೆ ಹೊರಟಿತು: ಇಬ್ಬರೂ ಕೂಡಿ 200 ಕಿಲೋಮೀಟರಿನ ಬ್ರೆವೆ ಮಾಡಬೇಕು.

ಬ್ರೆವೆ ಅಂದರೆ ಪಂದ್ಯವಲ್ಲ. ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಒಂದೇ ಮರ್ಯಾದೆ. ಹೇಳಿದ ಹೊತ್ತಿನೊಳಗೆ ಹೇಳಿದ ದೂರ ಮುಗಿಸಿದರಾಯಿತು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಈ ಹುಚ್ಚಿನ ಹಿರಿಯಜ್ಜ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ 1200 ಕಿಲೋಮೀಟರಿನ ಓಟ, ಶುರುವಾದದ್ದು 1891ರಲ್ಲಿ. ಮಾಮಾ ಇದನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಿದ್ದಾಗ ಅಕ್ಕ ರೊಟ್ಟಿ ಬಡಿಯುತ್ತಲೇ ಲೆಕ್ಕ ಹಾಕಿದಳು. “ಇನ್ನೂರ ಭಾಗಿಸು ಹದಿಮೂರೂವರಿ. ತಾಸಿಗಿ ಹದಿನೈದರ ಹತ್ರ. ನಿಂತಿದ್ದು, ಉಂಡಿದ್ದು, ಚಾ ಕುಡಿದಿದ್ದು ಎಲ್ಲಾ ಅದರಾಗೇ. ನಿಮ್ಮ ಚಾಕ್ಕ ಎಷ್ಟ ತಾಸ ಇಡಬೇಕ್ರೀ?”

ಮಾಮಾ ಉತ್ತರ ಕೊಡಲಿಲ್ಲ. ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು.

ಅದು ಅಮೆರಿಕದಲ್ಲಿರುವ ಅವರ ಅಣ್ಣನ ಮಗ ಕಳಿಸಿದ್ದು. ಪಿಟ್ಸ್‌ಬರ್ಗ್‌ನಿಂದ ಕಂಬರ್ಲೆಂಡ್‌ವರೆಗೆ 240 ಕಿಲೋಮೀಟರ್, ಗ್ರೇಟ್ ಅಲೆಘೆನಿ ಪ್ಯಾಸೇಜ್ ಅಂತ ಹೆಸರು. ಒಂದು ಕಾಲಕ್ಕೆ ರೈಲು ಓಡಿದ ದಾರಿ. ರೈಲು ನಿಂತಿತು, ಹಳಿ ಕಿತ್ತರು, ಸಣ್ಣ ಜಲ್ಲಿ ಹಾಸಿದರು, ಸೈಕಲ್ಲಿನವರಿಗೆ ಬಿಟ್ಟರು. 1916ರ ಹೊತ್ತಿಗೆ ಆ ದೇಶದಲ್ಲಿ ನಾಲ್ಕು ಲಕ್ಷ ಕಿಲೋಮೀಟರ್ ಹಳಿ ಇತ್ತಂತೆ. ಆಮೇಲೆ ಕಾರು ಬಂತು, ಲಾರಿ ಬಂತು, ವಿಮಾನ ಬಂತು, ಹಳಿಗಳು ಒಂದೊಂದಾಗಿ ಬಿಕೋ ಅಂದವು. 1960ರ ದಶಕದಲ್ಲಿ ವಿಸ್ಕಾನ್ಸಿನ್ ರಾಜ್ಯದ ಎಲ್ರಾಯ್–ಸ್ಪಾರ್ಟಾ ದಾರಿಯನ್ನು, ಅದರ ಮೂರು ಸುರಂಗಗಳ ಸಮೇತ, ಸೈಕಲ್ಲಿಗೆ ಕೊಟ್ಟದ್ದೇ ತಡ, ಉಳಿದವರೂ ಹಿಂದೆ ಬಿದ್ದರು. ನ್ಯೂಜಿಲೆಂಡಿನ ಒಟಾಗೊದಲ್ಲಿಯೂ ಇಂಥದೇ 152 ಕಿಲೋಮೀಟರ್ ಉಂಟು.

ಮಾಮಾನಿಗೆ ಇಷ್ಟವಾದದ್ದು ಇತಿಹಾಸವಲ್ಲ, ಏರು. ಅಂದರೆ ಏರು ಇಲ್ಲದಿರುವುದು. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಸುಲಭವಾಗಿ ಉರುಳುತ್ತದೆ, ಆದರೆ ಏರು ಬಂತೋ ಜಾರುತ್ತದೆ. ಅದಕ್ಕೇ ರೈಲ್ವೆ ಇಂಜಿನಿಯರು ಗುಡ್ಡ ಕಡಿದು, ಹಳ್ಳಕ್ಕೆ ಮಣ್ಣು ತುಂಬಿ, ಸಾಮಾನ್ಯವಾಗಿ ನೂರಡಿ ಹೋದರೆ ಒಂದೆರಡು ಅಡಿಗಿಂತ ಹೆಚ್ಚು ಏರದಂತೆ ದಾರಿ ಮಾಡುತ್ತಾನೆ. ಆತ ಬೆವರು ಸುರಿಸಿದ್ದು ಉಗಿಬಂಡಿಗಾಗಿ. ನೂರು ವರ್ಷದ ಮೇಲೆ ಅದರ ಸುಖ ಉಣ್ಣುವವನು ಹೊಟ್ಟೆ ಬಂದ ಸೈಕಲ್ ಸವಾರ. “ಇಂಥಾ ದಾರಿ ಇದ್ರ ಇನ್ನೂರ ಏನು, ನಾನೂರೂ ಹೊಡೀತೀನಿ,” ಅಂದರು ಮಾಮಾ.

“ಹಂಗಾದ್ರ ಹುಡುಕ್ರಿ,” ಅಂದಳು ಅಕ್ಕ.

ಹುಡುಕಿದರು. ಯಾದಗಿರಿ ಜಿಲ್ಲೆ 2009ರ ಡಿಸೆಂಬರಿನಲ್ಲಿ ಕಲಬುರಗಿಯಿಂದ ಬೇರೆಯಾದದ್ದು, ಪಾಲಿಗೆ ಬಂದದ್ದು ಒಂದೇ ರೈಲು ದಾರಿ. ಅದೋ, ಸಾಯುವ ಲಕ್ಷಣವೇ ಇಲ್ಲ. ಜೋಡಿ ಹಳಿ, ಮೇಲೆ ಕರೆಂಟಿನ ತಂತಿ, ಹಗಲೂ ರಾತ್ರಿ ಮುಂಬೈ–ಚೆನ್ನೈ–ಬೆಂಗಳೂರಿನ ಗಾಡಿಗಳು, ನಡುವೆ ಮುಗಿಯದಷ್ಟು ಉದ್ದದ ಗೂಡ್ಸು. ಹಳಿಯ ಪಕ್ಕದ ಕಾಲುದಾರಿಯಲ್ಲಾದರೂ ಹೋಗಬಹುದೇ ಅಂತ ಮಾಮಾ ಕೇಳಿದ್ದುಂಟು. 1989ರ ರೈಲ್ವೆ ಕಾಯ್ದೆಯ 147ನೇ ಕಲಮು ಅದಕ್ಕೆ ಸಿದ್ಧ ಉತ್ತರ ಇಟ್ಟಿದೆ: ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆರು ತಿಂಗಳು ಒಳಗಿದ್ದರೆ ಸಕ್ಕರೆಯೇನೋ ಹತೋಟಿಗೆ ಬರುತ್ತದೆ, ಆದರೆ ಅಕ್ಕ ಜೊತೆಗೆ ಬರಲು ಒಪ್ಪಲಿಲ್ಲ.

ನಮ್ಮ ರಾಜ್ಯದಲ್ಲಿಯೂ ಒಂದು ಸಲ ಇಂಥ ಯೋಗ ಕೂಡಿಬಂದಿತ್ತು. 1990ರ ದಶಕದ ನಡುವಿನಿಂದ ಸಕಲೇಶಪುರದ ಘಾಟಿನಲ್ಲಿ ಮೀಟರ್‌ಗೇಜ್ ತೆಗೆದು ಬ್ರಾಡ್‌ಗೇಜ್ ಹಾಕುವ ಕೆಲಸಕ್ಕೆಂದು ರೈಲು ನಿಂತುಹೋಗಿ, ಬೆಂಗಳೂರಿನ ಹುಡುಗರು ಚೀಲ ಹೊತ್ತು ಎಡಕುಮೇರಿಯವರೆಗೆ ಸೇತುವೆ, ಸುರಂಗ ಎಣಿಸುತ್ತ ನಡೆದಾಡಿದರು. ಹಸಿರು ದಾರಿ ಅಂತ ಹೆಸರಿಟ್ಟುಕೊಂಡರು. 2006–07ರ ಹೊತ್ತಿಗೆ ರೈಲು ತಿರುಗಿ ಬಂತು, ಚೀಲದವರಿಗೆ ಹಾದಿ ಬಂದಾಯಿತು. ರೈಲಿನ ವಿಷಯದಲ್ಲಿ ನಾವು ಆಸೆಬುರುಕರು. ಒಮ್ಮೆ ಸಿಕ್ಕ ಹಳಿಯನ್ನು ಸೈಕಲ್ಲಿನವನಿಗೆ ಬಿಟ್ಟುಕೊಡುವಷ್ಟು ಹೊಟ್ಟೆ ತುಂಬಿದ ದೇಶ ಇನ್ನೂ ಆಗಿಲ್ಲ.

ಹಾಗಂತ ಮಾಮಾ ಸೋತರೇ? ಅವರ ಕಣ್ಣು ಗದಗ–ವಾಡಿ ಹಳಿಯ ಮೇಲೆ ಬಿತ್ತು. 2013–14ರ ರೈಲ್ವೆ ಬಜೆಟ್ಟಿನಲ್ಲಿ ಮಂಜೂರಾದದ್ದು, ಸುಮಾರು 250 ಕಿಲೋಮೀಟರ್ ಉದ್ದ, ಕುಷ್ಟಗಿ, ಲಿಂಗಸುಗೂರು, ಸುರಪುರ, ಶಹಾಪುರ ಹಾದು ವಾಡಿಗೆ ಸೇರುವಂಥದ್ದು. ಆ ತುದಿಯಿಂದ ಕುಷ್ಟಗಿಯವರೆಗೆ 2025ರ ಮೇ ತಿಂಗಳಲ್ಲಿ ರೈಲು ಬಂದೂ ಆಯಿತು. ಅದರ ಫೋಟೋವನ್ನು ಸುರಪುರದ ನಾವೆಲ್ಲ ಪಕ್ಕದ ಮನೆಯ ಮದುವೆ ಆಲ್ಬಂ ತಿರುವಿದ ಹಾಗೆ ನೋಡಿದೆವು. ಈ ತುದಿಯಲ್ಲಿ ವಾಡಿ ಕಡೆಯಿಂದ ಶಹಾಪುರದತ್ತ ಹೊಲಗಳ ನಡುವೆ ಮಣ್ಣಿನ ಏರಿ ಎದ್ದಿದೆ. ಹಳಿ ಇಲ್ಲ, ತಂತಿ ಇಲ್ಲ, ರೈಲು ಇಲ್ಲ. ಏರೂ ಇಲ್ಲ! ಮಾಮಾನ ವಾದ ಕೇಳಿ: “ಅಮೆರಿಕಾದಾಗ ರೈಲ್ ಹೋದ ಮ್ಯಾಲ ಸೈಕಲ್ ಬಂತು. ನಮ್ಮಲ್ಲಿ ರೈಲ್ ಬರೂಕಿಂತ ಮೊದ್ಲ ಸೈಕಲ್ ಬರ್ಲಿ. ನಾವೇ ಮುಂದಿದ್ದೀವಿ ನೋಡಪಾ ಅಳಿಯಾ.”

ತರಬೇತಿಗೆ ಮುಹೂರ್ತ ಇಟ್ಟದ್ದು ಅಕ್ಕ, ಪಂಚಮಿಗೆ. ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಹೆಣ್ಣುಮಕ್ಕಳನ್ನು ತವರಿಗೆ ಕರೆತರಬೇಕು. ನಾನು ಮೋಟರ್‌ಸೈಕಲ್ ತಗೊಂಡು ಯಾದಗಿರಿಗೆ ಹೋದರೆ ಅಕ್ಕ ನನ್ನ ಕೈಗೆ ಒಂದು ಚೀಲ ಕೊಟ್ಟಳು: ಬಾಳೆಹಣ್ಣು, ನೀರಿನ ಬಾಟಲಿ, ಪಂಪು, ಎರಡು ಟ್ಯೂಬು, ಮಾಮಾನ ಒಣ ಬನಿಯನ್ನು. “ತಮ್ಮಾ, ನೀ ನನ್ನ ಕರಿಲಾಕ ಬಂದಿಯಲ್ಲ, ಹಿಂದ ಹಿಂದ ಬಾ. ನಾ ನನ್ನ ಗಾಡಿ ಮ್ಯಾಲ ಬರ್ತೀನಿ.” ಶ್ರಾವಣದಲ್ಲಿ ತಂಗಿಯನ್ನು ಎತ್ತಿನ ಬಂಡಿಯಲ್ಲಿ ಕರೆತಂದ ಅಣ್ಣಂದಿರ ಮೇಲೆ ಎಷ್ಟು ಹಾಡುಗಳಿವೆ! ಅಕ್ಕನ ಹಿಂದೆ ತಾಸಿಗೆ ಹದಿನೆಂಟರ ವೇಗದಲ್ಲಿ ಬಾಳೆಹಣ್ಣು ಹೊತ್ತ ತಮ್ಮನ ಮೇಲೆ ಒಬ್ಬರೂ ಹಾಡು ಕಟ್ಟಿಲ್ಲ.

ಮಾಮಾ ಸಿದ್ಧರಾಗಿ ಹೊರಬಂದಾಗ ಬೀದಿಯ ನಾಯಿಗಳು ಒಮ್ಮೆ ಬೊಗಳಿ, ಆಮೇಲೆ ಸುಮ್ಮನಾದವು. ಮೈಗಂಟಿದ ಹಳದಿ ಜೆರ್ಸಿ, ಕುಂಡೆಗೆ ಮೆತ್ತೆ ಹೊಲಿದ ಚಡ್ಡಿ, ತಲೆಗೆ ಹೆಲ್ಮೆಟ್ಟು, ಕಪ್ಪು ಕನ್ನಡಕ. ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಅಕ್ಕ ಚೂಡಿದಾರದ ಮೇಲೆ ಹೆಲ್ಮೆಟ್ ಏರಿಸಿ, ವೇಲು ಮನೆಯಲ್ಲೇ ಬಿಟ್ಟು, ಮಾಮಾನ ಸಿಂಗಾರ ಮುಗಿಯುವಷ್ಟರಲ್ಲಿ ಎರಡೂ ಸೈಕಲ್ಲಿನ ಗಾಳಿ ನೋಡಿ ಮುಗಿಸಿದ್ದಳು.

ಭೀಮಾ ಸೇತುವೆಯ ಮೇಲೆ ಮೊದಲ ಪಾಠ. ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ನೀರು ಬಿಟ್ಟರೆ ಇಲ್ಲಿ ಹೊಳೆ ದಂಡೆ ತುಂಬುತ್ತದೆ. ಆವತ್ತು ಕೆಂಪು ನೀರು ಸುತ್ತಿ ಸುತ್ತಿ ಹೋಗುತ್ತಿತ್ತು. ನೀರಿಗಿಂತ ಜೋರಾಗಿದ್ದದ್ದು ಗಾಳಿ. ಯಾದಗಿರಿಯಿಂದ ಶಹಾಪುರಕ್ಕೆ ಹೋಗುವುದೆಂದರೆ ಪಡುವಣಕ್ಕೆ ಮುಖ ಮಾಡುವುದು. ಆಷಾಢ ಶ್ರಾವಣದ ಗಾಳಿಯೂ ಪಡುವಣದಿಂದಲೇ ಬರುವುದು. ಈ ಬಯಲಿನಲ್ಲಿ ಅದಕ್ಕೆ ಅಡ್ಡ ಬರುವ ಮರವಿಲ್ಲ, ಮನೆಯಿಲ್ಲ, ಗುಡ್ಡ ದೂರ. ಹೀಗಾಗಿ ಅದಕ್ಕೆ ಸಿಕ್ಕ ಮೊದಲ ಅಡ್ಡಿ ನಮ್ಮ ಮಾಮಾ. ಏರಿಲ್ಲದ ದಾರಿಯೇ ಸ್ವರ್ಗ ಅಂತ ನಂಬಿದವರಿಗೆ ಚಪ್ಪಟೆ ನೆಲದ ಎದುರುಗಾಳಿಯಷ್ಟು ದೊಡ್ಡ ಗುರು ಇನ್ನೊಬ್ಬನಿಲ್ಲ. ಗುಡ್ಡವಾದರೆ ತುದಿ ಕಾಣುತ್ತದೆ, ಇಳಿಜಾರೂ ಸಿಗುತ್ತದೆ. ಗಾಳಿಗೆ ತುದಿ ಎಲ್ಲಿ?

ಇದಕ್ಕೊಂದು ಉಪಾಯ ಉಂಟು, ಎಲ್ಲ ಸೈಕಲ್ಲಿನವರೂ ಬಲ್ಲದ್ದು. ಒಬ್ಬರು ಮುಂದೆ, ಇನ್ನೊಬ್ಬರು ಅವರ ಬೆನ್ನಿಗಂಟಿ ಹಿಂದೆ. ಗಾಳಿಯ ಮರೆಯಲ್ಲಿ ಹೋಗುವವರಿಗೆ ಕಾಲುಭಾಗದಷ್ಟು ಶ್ರಮ ಉಳಿಯುತ್ತದೆ. ಐದೈದು ಕಿಲೋಮೀಟರಿಗೊಮ್ಮೆ ಅದಲು ಬದಲು ಆಗಬೇಕು ಅಂತ ಒಪ್ಪಂದವಾಗಿತ್ತು. ಅಕ್ಕನ ಐದು ಮುಗಿಯಿತು. ಮಾಮಾ ಮುಂದೆ ಬರಬೇಕು ಅನ್ನುವಷ್ಟರಲ್ಲಿ ಬೂಟಿನ ದಾರ ಬಿಚ್ಚಿತು. ಮತ್ತೆ ಅಕ್ಕನ ಐದು. ಆಗ ಮಾಮಾನ ಕಣ್ಣಿಗೆ ಹುಳ ಬಿತ್ತು, ಕಪ್ಪು ಕನ್ನಡಕದ ಒಳಗೆ. ನಾಯ್ಕಲ್ ಬರುವ ಹೊತ್ತಿಗೆ ಫೋನು ಬಂತು, ಮುಂಜಾನೆ ಆರೂವರೆಗೆ, ಕಚೇರಿಯಿಂದ. ನಾನು ಹಿಂದಿನಿಂದ ಎಲ್ಲಾ ನೋಡುತ್ತಿದ್ದೆ. ಸಪ್ತಪದಿಯಲ್ಲಿ ಮುಂದೆ ನಡೆದವರು ಯಾರು ಅಂತ ಮದುವೆಯ ವಿಡಿಯೋ ತೆಗೆದು ನೋಡಬೇಕು, ಆವತ್ತಿನ ಬಾಕಿ ಏನಾದರೂ ಇತ್ತೇನೋ.

“ಏನ್ರೀ, ನಿಮ್ಮ ಪಾಳಿ ಯಾವಾಗ ಬರ್ತದ?”

“ನಿನಗ ಗಾಳಿ ಹ್ಯಾಂಗ ಸೀಳಬೇಕು ಅಂಬೋದು ಛಲೋ ಗೊತ್ತದ. ನಾ ಹಿಂದಿಂದ ನೋಡಿ ಕಲೀಲಿಕತ್ತೀನಿ.”

ದೋರನಹಳ್ಳಿಯಲ್ಲಿ ಸುಸಲಾ, ಮಿರ್ಚಿ ಬಜಿ, ಚಾ. ತರಬೇತಿಯ ಪುಸ್ತಕದಲ್ಲಿ ಮಿರ್ಚಿ ಇಲ್ಲ. ಆದರೆ ಮಾಮಾನ ಪ್ರಕಾರ ಉಪ್ಪು ಬೇಕು, ಎಣ್ಣೆ ಬೇಕು, ಹಿಟ್ಟು ಬೇಕು, ಮೂರೂ ಮಿರ್ಚಿಯಲ್ಲಿವೆ. ಹೋಟೆಲಿನ ಮುಂದಿನ ಕಟ್ಟೆಯಲ್ಲಿ ಕೂತಿದ್ದ ಯಜಮಾನರೊಬ್ಬರು ಹಳದಿ ಜೆರ್ಸಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿ ವಿಚಾರಣೆ ಶುರು ಮಾಡಿದರು.

“ಎಲ್ಲಿಂದ ಬಂದ್ರಿ?”

“ಯಾದಗಿರಿಲಿಂದ್ರಿ.”

“ಎಲ್ಲಿಗಿ ಹೊಂಟೀರಿ?”

“ಸುರಪುರಕ್ಕ.”

“ಗಾಡಿ ಕೆಟ್ಟಾದೇನು?”

“ಇಲ್ರಿ ಕಾಕಾ, ಇದು ತರಬೇತಿ.”

“ಪೊಲೀಸ್ ನೌಕರಿಗೇನು? ಈ ವಯಸ್ಸಿನಾಗ ತಗೋತಾರೇನು?”

ಅಕ್ಕ ಚಾದ ಕಪ್ಪಿನೊಳಗೆ ನಕ್ಕಳು. ಮುಂದಿನ ಪ್ರಶ್ನೆ ಎಲ್ಲ ಊರಲ್ಲೂ ಬರುವಂಥದ್ದು: ಸೈಕಲ್ಲಿಗೆ ಎಷ್ಟು ಬಿತ್ತು? ಇದಕ್ಕೆ ಮಾಮಾನ ಬಳಿ ಒಂದೇ ಬೆಲೆ ಇಲ್ಲ. ಅಕ್ಕ ಕೈಯಳತೆಯಲ್ಲಿದ್ದರೆ ಬೆಲೆ ಇಳಿಯುತ್ತದೆ, ಅಕ್ಕ ದೂರ ಹೋದಷ್ಟೂ ಏರುತ್ತದೆ. ಅಕ್ಕ ಕೈ ತೊಳೆಯಲು ಎದ್ದದ್ದು ನೋಡಿ ಮಾಮಾ ಖರೇ ಬೆಲೆ ಹೇಳಿಬಿಟ್ಟರು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಷ್ಟರಾಗ ಮುರ್ರಾ ಎಮ್ಮಿ ಬರ್ತಿತ್ತಲ್ರಿ. ಹಾಲರೆ ಕೊಡ್ತಿತ್ತು,” ಅಂದರು. ನಳದ ಹತ್ತಿರ ನಿಂತಿದ್ದ ಅಕ್ಕನಿಗೆ ಎಮ್ಮೆಯ ಬೆಲೆ ಚೆನ್ನಾಗಿ ಗೊತ್ತು. ಅಲ್ಲಿಂದ ಶಹಾಪುರದವರೆಗೆ ಮಾಮಾ ತಾವಾಗಿಯೇ ಮುಂದೆ ಹೋಗಿ ಗಾಳಿ ತಡೆದರು.

ಶಹಾಪುರ ಹತ್ತಿರ ಬಂದಂತೆ ಗುಡ್ಡದ ಸಾಲು ಒಂದಕ್ಕೊಂದು ಕೂಡಿಕೊಂಡು ಬುದ್ಧ ಮಲಗುತ್ತಾನೆ. ತಲೆ, ಮೂಗು, ಎದೆಯ ಮೇಲೆ ಕೈ, ಹೊಟ್ಟೆ, ಕಾಲು. ದಾರಿಯ ಒಂದು ಜಾಗದಿಂದ ನೋಡಿದರೆ ಸ್ಪಷ್ಟ, ಸ್ವಲ್ಪ ಮುಂದೆ ಹೋದರೆ ಮತ್ತೆ ಬರೀ ಬಂಡೆ. ಬಸ್ಸಿನಲ್ಲಿ ಹೋಗುವಾಗ ಕಿಟಕಿ ಸಿಕ್ಕವನಿಗೆ ಮಾತ್ರ, ಅದೂ ಕ್ಷಣಹೊತ್ತು, ಸಿಗುವ ದರ್ಶನ ಇದು. ಸೈಕಲ್ಲಿನ ಮೇಲೆ ಪೂರ್ತಿ ಸಿಗುತ್ತದೆ. ಇದೊಂದನ್ನು ಚೇಷ್ಟೆ ಬಿಟ್ಟು ಹೇಳುತ್ತೇನೆ, ಆ ದಾರಿಯಲ್ಲಿ ನಾನು ಹುಟ್ಟಿದಾಗಿನಿಂದ ಓಡಾಡಿದ್ದರೂ ಬುದ್ಧನ ಹೊಟ್ಟೆ ಏರುವುದನ್ನು, ಕಾಲಿನತ್ತ ಇಳಿಯುವುದನ್ನು ನಿಧಾನವಾಗಿ ನೋಡಿದ್ದು ಆವತ್ತೇ. ಮಾಮಾ ಸೈಕಲ್ ನಿಲ್ಲಿಸಿ ಹೆಲ್ಮೆಟ್ ತೆಗೆದರು. ಭಕ್ತಿಯಿಂದ ಅಂದುಕೊಂಡೆ. ಬದುವಿನ ಮೇಲೆ ಅದೇ ಭಂಗಿಯಲ್ಲಿ ಅಡ್ಡಾದರು.

“ಏಳ್ರಿ, ಅವ ಎಲ್ಲಾ ಬಿಟ್ಟು ಮಲಗ್ಯಾನ. ನೀವು ಏನು ಬಿಟ್ಟೀರಿ?”

“ಎರಡನೇ ಮಿರ್ಚಿ ಬಿಟ್ಟೀನಿ.”

ಎದ್ದು ನೋಡಿದರೆ ಹಿಂದಿನ ಗಾಲಿ ನೆಲಕಚ್ಚಿತ್ತು. ನೆಗ್ಗಿಲ ಮುಳ್ಳು. ಹೊಲದ ಬದುವಿನಲ್ಲಿ, ರಸ್ತೆಯ ಅಂಚಿನಲ್ಲಿ ಹಳದಿ ಹೂ ಬಿಟ್ಟು ಪಾಪದ ಗಿಡದ ಹಾಗೆ ನೆಲಕ್ಕೆ ಹಬ್ಬಿರುತ್ತದೆ. ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ. ಈ ಗಿಡ ನಮ್ಮ ಬದಿಯ ಖಂಡಗಳಿಂದ ಹೊರಟು ಅಮೆರಿಕದ ಪಶ್ಚಿಮ ರಾಜ್ಯಗಳನ್ನು ಸೇರಿ ಅಲ್ಲಿನ ಸೈಕಲ್ಲಿನವರ ಜೀವ ತಿನ್ನುತ್ತಿದೆ. ಐಡಹೊ ರಾಜ್ಯದ ಬೋಯ್ಸಿ ಎಂಬ ಊರಲ್ಲಿ ಈ ಮುಳ್ಳಿನ ಹೆಸರಿನಲ್ಲೇ ಸೈಕಲ್ ಹಬ್ಬ ಮಾಡಿ, ಜನರನ್ನು ಕೂಡಿಸಿ ಚೀಲಗಟ್ಟಲೆ ಕಿತ್ತು ಹಾಕಿಸುತ್ತಾರೆ. ಅವರು ನಮಗೆ ಜಾಲಿ ಕಂಟಿ ಕೊಟ್ಟರು, ಬಳ್ಳಾರಿ ಜಾಲಿ ಮೂಲತಃ ಆ ಖಂಡದ್ದೇ. ನಾವು ನೆಗ್ಗಿಲು ಕೊಟ್ಟೆವು. ವ್ಯವಹಾರ ಚುಕ್ತಾ. ಟ್ಯೂಬು ಬದಲಿಸಿದ್ದು ಅಕ್ಕ. ಮಾಮಾ ಪಕ್ಕದಲ್ಲಿ ನಿಂತು ಟೈರಿನ ಒಳಮೈ ಬೆರಳಾಡಿಸಿ ನೋಡಬೇಕೆಂದೂ, ಇಲ್ಲದಿದ್ದರೆ ಉಳಿದ ಮುಳ್ಳು ಹೊಸ ಟ್ಯೂಬನ್ನೂ ಚುಚ್ಚುತ್ತದೆಂದೂ ವಿವರಿಸಿದರು. ಮಾತು ಸರಿಯಾದದ್ದೇ. ಬೆರಳು ಮಾತ್ರ ಅಕ್ಕನದು.

ಶಹಾಪುರದಲ್ಲಿ ಮಾಮಾನ ರೈಲು ದಾರಿಯ ಶೋಧ. ಊರು ದಾಟಿ, ಕೇಳಿ ಕೇಳಿ, ಒಂದು ಬಂಡಿ ಜಾಡು ಹಿಡಿದರು. ಇಕ್ಕೆಲದಲ್ಲಿ ಗೇಣುದ್ದದ ತೊಗರಿ, ಹತ್ತಿ, ಕಾಯಿ ಬಿಡಿಸಲು ಬಂದ ಹೆಸರು, ಕಾಲುವೆ ನೀರು ಸಿಗುವಲ್ಲಿ ಭತ್ತದ ನಾಟಿ. ದೂರದಲ್ಲಿ ಮಣ್ಣಿನ ಏರಿ ನೇರವಾಗಿ, ಸಮನಾಗಿ, ಸೈಕಲ್ಲಿಗೆಂದೇ ಮಾಡಿಟ್ಟಂತೆ. ಮಾಮಾನ ಮುಖದಲ್ಲಿ ಅಮೆರಿಕ ಕಾಣಿಸಿತು. ಆದರೆ ಹಿಂದಿನ ರಾತ್ರಿ ಮಳೆಯಾಗಿತ್ತು, ನೆಲ ಎರಿ. ನಮ್ಮ ಎರಿ ಮಣ್ಣನ್ನು ಕಂಡವರಿಗೆ ಮುಂದಿನದು ಹೇಳಬೇಕಿಲ್ಲ. ಮೊದಲು ಟೈರಿಗೆ ಹತ್ತುತ್ತದೆ, ಆಮೇಲೆ ಬ್ರೇಕಿಗೆ, ಆಮೇಲೆ ಟೈರು ಬ್ರೇಕು ಚಾಸಿಯ ನಡುವೆ ಗಚ್ಚಾಗಿ ಕೂರುತ್ತದೆ, ಕೊನೆಗೆ ಗಾಲಿ ತಿರುಗುವುದೇ ಇಲ್ಲ. ಹಗುರ ಅಂತ ಹೆಚ್ಚು ದುಡ್ಡು ಕೊಟ್ಟು ತಂದ ಸೈಕಲ್ಲನ್ನು ಮಾಮಾ ಹೆಗಲ ಮೇಲೆ ಹೊತ್ತುಕೊಂಡು ನಿಂತರು.

ಕುರಿ ಮೇಯಿಸುತ್ತಿದ್ದ ಹುಡುಗ ಹತ್ತಿರ ಬಂದ. ಹೆಲ್ಮೆಟ್ಟು, ಕನ್ನಡಕ, ಹೆಗಲ ಮೇಲಿನ ಸೈಕಲ್ಲು, ಎಲ್ಲಾ ನೋಡಿ ಮರುಕದಿಂದ ಹೇಳಿದ:

“ಸಾಹೇಬ್ರ, ರೈಲ್ ಇನ್ನ ಬಂದಿಲ್ರಿ.”

“ಗೊತ್ತದಪಾ. ಅದಕ್ಕs ಬಂದೀವಿ.”

ಹುಡುಗ ಒಂದು ಮಾತೂ ಆಡದೆ ಕುರಿಗಳನ್ನು ಸ್ವಲ್ಪ ದೂರಕ್ಕೆ ಹೊಡೆದುಕೊಂಡು ಹೋದ. ಏರಿಯ ಮೇಲೆ ಹತ್ತುವ ವಿಚಾರ ಅಲ್ಲಿಗೆ ಮುಗಿಯಿತು. ಆ ನೆಲವೂ ರೈಲ್ವೆಯದೇ, 147 ಅಲ್ಲಿಗೂ ಕೈ ಚಾಚಬಹುದು ಅಂತ ಅಕ್ಕ ನೆನಪು ಮಾಡಿದಳು. ಕಾಲುವೆಯ ತೂಬಿನ ಹತ್ತಿರ ಕೂತು ಕಡ್ಡಿಯಿಂದ ಮಣ್ಣು ಕೆರೆದದ್ದು ಎಷ್ಟು ಹೊತ್ತು ಅಂತೀರಿ, ಬ್ರೆವೆ ಆಗಿದ್ದರೆ ಅಷ್ಟರಲ್ಲೇ ಹೊತ್ತು ಮೀರಿ ಹೆಸರು ಹೊಡೆದುಹಾಕುತ್ತಿದ್ದರು.

ಶಹಾಪುರದ ಸಮೀಪದ ವಿಭೂತಿಹಳ್ಳಿಯಲ್ಲಿ ಬಯಲ ತುಂಬ ದುಂಡುಗಲ್ಲುಗಳನ್ನು ಸಾಲು ಸಾಲಾಗಿ, ಚೌಕ ಚೌಕವಾಗಿ ಇಟ್ಟಿದ್ದಾರೆ. ಬೃಹತ್ ಶಿಲಾಯುಗದವರ ಕೆಲಸ. ಗಣಿತದ ಟೀಚರಿಗೆ ಅದನ್ನು ನೋಡದೆ ಮುಂದೆ ಹೋಗುವುದು ಆಗದ ಮಾತು. ಆದರೆ ತವರು ಕರೆಯುತ್ತಿತ್ತು. “ತಿರುಗಿ ಬರೂಮುಂದ ನೋಡೋಣ,” ಅಂದಳು. ಅಲ್ಲಿಂದ ಶುರುವಾಯಿತು ನೋಡಿ ಆಟ. ಶಹಾಪುರದಿಂದ ಸುರಪುರಕ್ಕೆ ಸುಮಾರು 25 ಕಿಲೋಮೀಟರ್. ಎದುರುಗಾಳಿ ಈಗ ಅಡ್ಡಗಾಳಿಯಾಗಿತ್ತು, ಲಾರಿಗಳು ದಾಟುವಾಗ ಸೈಕಲ್ಲು ತೂರಾಡುತ್ತಿತ್ತು. ಅಕ್ಕನಿಗೆ ಅದರ ಖಬರೇ ಇಲ್ಲ. ಹತ್ತಿಗುಡೂರಿನಲ್ಲಿ ದೇವದುರ್ಗದ ದಾರಿ ಒಡೆಯುವ ಕ್ರಾಸು ದಾಟುವಾಗ ನಾನು ಮೋಟರ್‌ಸೈಕಲ್ಲಿನ ಗೇರು ಬದಲಿಸಬೇಕಾಯಿತು. ತವರಿನ ದಿಕ್ಕಿಗೆ ಹೊರಟ ಹೆಣ್ಣುಮಗಳ ಹೃದಯಬಡಿತ, ಪೆಡಲಿನ ಸುತ್ತು ಅಳೆಯುವ ಯಂತ್ರವನ್ನು ಪಂಚಮಿಯ ದಿನ ಕಟ್ಟಿ ನೋಡಬೇಕು. ತರಬೇತಿ ಪುಸ್ತಕ ಬರೆಯುವವರು ಹೊಸ ಅಧ್ಯಾಯ ಸೇರಿಸಬೇಕಾದೀತು. ಮಾಮಾ ಹಿಂದೆ ಎಲ್ಲೋ ಹಳದಿ ಚುಕ್ಕೆ. ಅತ್ತೆಯ ಮನೆಗೆ ಹೋಗುವ ಅಳಿಯನಿಗೆ ಯಾವ ಕಾಲಕ್ಕೆ ಅವಸರ ಇತ್ತು? ತಡವಾಗಿ ಹೋದಷ್ಟೂ ಮರ್ಯಾದೆ ಹೆಚ್ಚು.

ಸುರಪುರ ಬಯಲಿನಲ್ಲಿಲ್ಲ. ನಾಯಕ ಅರಸರು ಬಂಡೆಗುಡ್ಡಗಳ ನಡುವೆ, ವೈರಿಗೆ ಏದುಸಿರು ಬರುವ ಜಾಗ ನೋಡಿಯೇ ಊರು ಕಟ್ಟಿದ್ದಾರೆ. ಕುಂಬಾರಪೇಟೆಯಿಂದ ಮೇಲಕ್ಕೆ ಏರು. ಫಿಲಿಪ್ ಮೆಡೋಸ್ ಟೇಲರ್ ಸಾಹೇಬ 1840ರ ದಶಕದಲ್ಲಿ ಇಲ್ಲಿಗೆ ಬಂದು, ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಆಡಳಿತ ನೋಡಿದ. ಗುಡ್ಡದ ಮೇಲೆ ಬಂಗಲೆ ಕಟ್ಟಿಸಿಕೊಂಡ, ಟೇಲರ್ ಮಂಜಿಲ್ ಅಂತ ಈಗಲೂ ಇದೆ. ಸುತ್ತಲಿನ ಹಳೆಗಾಲದ ಕಲ್ಲುಗೋರಿಗಳನ್ನು ಅಳೆದು ಬರೆದ, ವಿಭೂತಿಹಳ್ಳಿಯ ಕಲ್ಲಿನ ಸಾಲನ್ನೂ ಬಿಡಲಿಲ್ಲ. ಕುದುರೆ, ಪಲ್ಲಕ್ಕಿಯ ಕಾಲದವನು. ತೀರಿಕೊಂಡದ್ದು 1876ರಲ್ಲಿ, ಡನ್‌ಲಪ್ಪನ ಗಾಳಿ ತುಂಬುವ ಟೈರು ಬಂದದ್ದು 1888ರಲ್ಲಿ. ಬಚಾವಾದ. ನಮ್ಮ ಮಾಮಾ ಆಗಲಿಲ್ಲ. ಏರಿನ ಅರ್ಧಕ್ಕೆ ಇಳಿದು ಸೈಕಲ್ ನೂಕಿಕೊಂಡು ನಡೆದರು. ಓಣಿಯ ಹುಡುಗರು ಹಿಂದಿನಿಂದ ನೂಕುತ್ತೇವೆ ಅಂದರು. ಗೋಪಾಲಸ್ವಾಮಿ ಜಾತ್ರೆಯಲ್ಲಿ ಎಣ್ಣೆ ಹಚ್ಚಿದ ಕಂಬ ಏರುವವರ ಊರಿನ ಹುಡುಗರು, ಈ ಏರು ಅವರ ಕಣ್ಣಿಗೆ ಕಾಣುವುದೇ ಇಲ್ಲ.

ಮನೆಯಲ್ಲಿ ಅವ್ವ ಬಾಗಿಲಿಗೆ ಬಂದು ಮಗಳ ಕೆಂಪಾದ ಮುಖ, ಅಳಿಯನ ಕೆಸರಾದ ಕಾಲು ನೋಡಿದಳು. ಬಿಸಿನೀರು ಕೊಟ್ಟಳು, ಶೇಂಗಾದುಂಡಿ, ಎಳ್ಳುಂಡಿ, ತಂಬಿಟ್ಟು ಮುಂದಿಟ್ಟಳು. ಸೈಕಲ್ಲಿನವರು ಪೊಟ್ಟಣದಲ್ಲಿ ಕೊಂಡು ತಿನ್ನುವ ಬಲದ ಬಿಲ್ಲೆಗಳಲ್ಲಿರುವುದೂ ಇದೇ, ಬೆಲ್ಲ, ಕಾಳು, ಎಣ್ಣೆ. ಅವ್ವನ ಕೈಯಲ್ಲಿ ಏಲಕ್ಕಿ ಹೆಚ್ಚು. ಎಲ್ಲಾ ಆದ ಮೇಲೆ ನನ್ನನ್ನು ಒಳಗೆ ಕರೆದು ಮೆಲ್ಲಗೆ ಕೇಳಿದಳು: “ಯಾಕೋ, ಅವರಿಗಿ ರೊಕ್ಕದ್ದೇನರೆ ಅಡಚಣಿ ಅದೇನು? ನಿಮ್ಮಕ್ಕಗ ಬಸ್ಸಿನಾಗ ಫ್ರೀ ಅದಲ್ಲ. ಅಳಿಯಂದರೆ ಟಿಕೇಟ ನಾ ಕೊಡ್ತಿದ್ದೆ.”

2023ರ ಜೂನಿನಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಮನೆಯ ಹೆಂಗಸರ ದೃಷ್ಟಿಯಲ್ಲಿ ದೂರಕ್ಕೆ ಬೆಲೆಯೇ ಹೋಗಿದೆ. ಆ ಮಾತು ಮಾಮಾನ ಕಿವಿಗೂ ಬಿತ್ತು ಅಂತ ಕಾಣುತ್ತದೆ. ಹಬ್ಬ ಮುಗಿಸಿ, ಜೋಕಾಲಿ ಆಡಿ, ಮೈ ಎಲ್ಲ ನೋವು ಅಂತ ಒಂದು ದಿನ ಹೆಚ್ಚು ಉಳಿದು ಹೊರಟರು. ಈ ಸಲ ಅಕ್ಕ ನಿಧಾನ. ತವರು ಬೆನ್ನಿಗಿತ್ತು, ಚೀಲದಲ್ಲಿ ಉಂಡಿಯ ಡಬ್ಬಿ ಭಾರ. ವಿಭೂತಿಹಳ್ಳಿಯಲ್ಲಿ ಇಳಿದು ಕಲ್ಲಿನ ಸಾಲು ಎಣಿಸುತ್ತ ನಿಂತಳು. ಮಾಮಾ ರಸ್ತೆಬದಿಗೆ ನಿಂತಿರುವಾಗ ಯಾದಗಿರಿ ಬಸ್ಸು ಬಂತು. ಕೈ ಮಾಡಿಯೇಬಿಟ್ಟರು. ಕಂಡಕ್ಟರು ಇಳಿದು ಹತ್ತಿರ ಬಂದು, ಜನ ನೋಡಿ, ಸೈಕಲ್ ನೋಡಿ ಲೆಕ್ಕ ಹೇಳಿದ: “ಅಕ್ಕೋರಿಗಿ ಫ್ರೀ. ಅವರ ಸೈಕಲ್ಲಿಗಿ ಲಗೇಜ ಟಿಕೇಟ್. ನಿಮ್ಮ ಸೈಕಲ್ಲಿಗಿ ಲಗೇಜ ಟಿಕೇಟ್. ನಿಮಗ ಫುಲ್.” ಮಾಮಾ ಮೂರೂ ಕೂಡಿಸಿ ನೋಡಿದರು. “ಹೋಗ್ರಿ, ನಾವು ತರಬೇತಿನಾಗ ಇದ್ದೀವಿ,” ಅಂದರು.

ಶಹಾಪುರದಿಂದ ಯಾದಗಿರಿಯವರೆಗೆ ಪಡುವಣ ಗಾಳಿ ಬೆನ್ನಿಗೆ. ಆ ಮೂವತ್ತೈದು ಕಿಲೋಮೀಟರನ್ನು ಮಾಮಾ ಒಬ್ಬರೇ ಮುಂದಿದ್ದು ಮುಗಿಸಿದರು, ಬೂಟಿನ ದಾರ ಬಿಚ್ಚಲಿಲ್ಲ, ಹುಳ ಬೀಳಲಿಲ್ಲ, ಕಚೇರಿ ನೆನೆಯಲಿಲ್ಲ. ಭೀಮಾ ಸೇತುವೆಯ ಮೇಲೆ ತೆಗೆದ ಫೋಟೋದಲ್ಲಿ ಅಕ್ಕ ಹಿಂದೆ ಕಾಣುತ್ತಾಳೆ. ಅದು ಪಿಟ್ಸ್‌ಬರ್ಗಿಗೂ ಹೋಗಿದೆ.

ಈಗ ಬ್ರೆವೆಗೆ ಇಬ್ಬರೂ ಹೆಸರು ಕೊಟ್ಟಿದ್ದಾರೆ. ತರಬೇತಿಯಲ್ಲಿ ಸುರಪುರಕ್ಕೆ ಹೋಗಿಬರುವುದು 120 ಆಯಿತು, ಇನ್ನುಳಿದ 80ಕ್ಕೆ ಸುರಪುರದಿಂದ ಹುಣಸಗಿ ಕಡೆ ಹೋಗಿ ಬರುವ ಯೋಜನೆ ಅಕ್ಕನದು. ಅಲ್ಲಿ ಇಸಾಂಪುರದಲ್ಲಿ ಹನ್ನೆರಡು ಲಕ್ಷ ವರ್ಷದ ಹಿಂದಿನವರು ಕಲ್ಲಿನ ಕೊಡಲಿ ಮಾಡುತ್ತಿದ್ದರು, ಅವರು ಎಲ್ಲಿಗೆ ಹೋಗುವುದಿದ್ದರೂ ನಡೆದೇ ಹೋಗುತ್ತಿದ್ದರು ಅಂತ ಮಾಮಾನಿಗೆ ಹೇಳಿ ಹುರಿದುಂಬಿಸುತ್ತಿದ್ದಾಳೆ. ನಿಯಮಗಳ ಹಾಳೆ ಬಂದ ದಿನ ನಾನೂ ಅಲ್ಲೇ ಇದ್ದೆ. ಅಕ್ಕ ಜೋರಾಗಿ ಓದಿದಳು. ಹೆಲ್ಮೆಟ್ ಕಡ್ಡಾಯ. ಮುಂದೆ ದೀಪ, ಹಿಂದೆ ದೀಪ. ಮೈಮೇಲೆ ಬೆಳಕು ಹೊಳೆಸುವ ಪಟ್ಟಿ. ನಡುವಿನ ಠಾಣೆಗಳಲ್ಲಿ ಬಿಟ್ಟರೆ ದಾರಿಯಲ್ಲಿ ಹೊರಗಿನವರ ನೆರವು ತಗೊಳ್ಳುವಂತಿಲ್ಲ, ಸವಾರರ ಹಿಂದೆ ಯಾವ ವಾಹನವೂ ಬರುವಂತಿಲ್ಲ.

ನಾನು ಮೋಟರ್‌ಸೈಕಲ್ಲಿನ ಕೀಲಿ ಜೇಬಿಗೆ ಹಾಕಿಕೊಂಡೆ. ಮಾಮಾ ಹಾಳೆ ಕಸಿದುಕೊಂಡು ಆ ಸಾಲನ್ನು ತಾವೇ ಓದಿದರು, ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು.

“ಹಂಗಾದ್ರ ಬಾಳೆಹಣ್ಣ ಯಾರ ತರ್ತಾರ?”